ಬೆಳಗ್ಗೆ ಕಡಲಲ್ಲಿ ಸೂರ್ಯ ಎಲ್ಲಿಂದ ಬರುವುದು?

ದೊಡ್ಡಮ್ಮ ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಕಾಲಿನ ಬಾವು ಇಳಿದಿತ್ತು, ಉಸಿರಾಟವೂ ಸಲೀಸಾಗಿತ್ತು. ಆದರೆ ರಾತ್ರಿ ನಿದ್ದೆ ಇಲ್ಲ. ಮತ್ತೆ ಮತ್ತೆ ಎದ್ದು ಟಾಯ್ಲೆಟ್ಟಿಗೆ ಹೋಗಬೇಕು. ಮೊನ್ನೆ ಮಂಗಳವಾರ ಮಂಗಳೂರಿನ ಉರ್ವದ ಅವರ ಮನೆಗೆ ಹೋದಾಗ ಮುಖ ತೀರಾ ಬಾಡಿತ್ತು. ಮದ್ದಿನ ಚೀಟಿ ಕೊಡಿ, ನೋಡುತ್ತೇನೆ ಅಂದೆ.

ಡಿಸ್ಚಾರ್ಜ್ ಮಾಡುವಾಗ ಕೊಟ್ಟ ಹಾಳೆ ಅದು. ಬಣ್ಣ ಬಣ್ಣದ್ದು, ಗಟ್ಟಿ ಕಾಗದ. ನಾಲ್ಕು ಕಾಲಂ. ಮೊದಲನೆಯದರಲ್ಲಿ ಅಲೆಗಳ ಮೇಲೆ ಅರ್ಧ ಸೂರ್ಯ. ಎರಡನೆಯದರಲ್ಲಿ ಪೂರ್ತಿ ಸೂರ್ಯ. ಮೂರನೆಯದರಲ್ಲಿ ಕಟ್ಟಡಗಳ ಹಿಂದೆ ಸೂರ್ಯ. ಕೊನೆಗೆ ಚಂದ್ರ. ಮಾತ್ರೆಗಳ ಹೆಸರೆಲ್ಲ ಇಂಗ್ಲಿಷಿನಲ್ಲಿ. ಬೆಳಗ್ಗೆ, ರಾತ್ರಿ ಎಂಬ ಒಂದು ಪದವೂ ಇಲ್ಲ.

ಬಾವು ಇಳಿಯಲು ಕೊಟ್ಟ ಮಾತ್ರೆ ಮೊದಲ ಕಾಲಂನಲ್ಲಿತ್ತು. ಅದು ಮೂತ್ರ ಜಾಸ್ತಿ ಮಾಡಿಸುವ ಮದ್ದು. ರಾತ್ರಿ ನಿದ್ದೆ ಕೆಡಬಾರದೆಂದೇ ಅದನ್ನು ಸಾಮಾನ್ಯವಾಗಿ ಬೆಳಗ್ಗೆ ಕೊಡುವುದು. ದೊಡ್ಡಮ್ಮ ಅದನ್ನು ದಿನಾ ಸಂಜೆ ತೆಗೆದುಕೊಳ್ಳುತ್ತಿದ್ದರು.

"ದೊಡ್ಡಮ್ಮ, ಇದು ಬೆಳಗ್ಗಿನದ್ದಲ್ವಾ?"

"ಅದು ಹೇಗೆ ಬೆಳಗ್ಗಿನದ್ದು ಮಗಾ? ಸೂರ್ಯ ಕಡಲಲ್ಲಿ ಉಂಟಲ್ಲ. ಬೆಳಗ್ಗೆ ಕಡಲಲ್ಲಿ ಸೂರ್ಯ ಎಲ್ಲಿಂದ ಬರುವುದು?"

ನಾನು ಮೂರನೇ ಕಾಲಂ ತೋರಿಸಿದೆ. ಅವರು ಜಗಲಿಯಿಂದ ಎದುರಿನ ಫ್ಲ್ಯಾಟುಗಳ ಕಡೆ ಕೈ ಮಾಡಿದರು. "ನಮ್ಮ ಸೂರ್ಯ ಬರುವುದು ಆ ಬಿಲ್ಡಿಂಗಿನ ಹಿಂದಿನಿಂದ. ಇದು ಬೆಳಗ್ಗೆ."

ಎಷ್ಟು ಸರಿಯಾಗಿ ಓದಿದ್ದಾರೆ ನೋಡಿ! ಚಿತ್ರದಲ್ಲಿ ಏನಿದೆಯೋ ಅದನ್ನೇ ಓದಿದ್ದಾರೆ. ಪಣಂಬೂರಿಗೆ, ತಣ್ಣೀರುಬಾವಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ಸೂರ್ಯ ನೀರಿಗಿಳಿಯುವುದನ್ನು ಜೀವಮಾನವಿಡೀ ನೋಡಿದವರು. ಉಳಿದ ಮಾತ್ರೆಗಳು ಬೆಳಗ್ಗೆ ಸಂಜೆ ಎರಡು ಹೊತ್ತಿಗೂ ಇದ್ದವು. ಹಾಗಾಗಿ ಕಾಲಂ ಅದಲುಬದಲಾದದ್ದು ಯಾರಿಗೂ ಗೊತ್ತಾಗಲಿಲ್ಲ.

ಭಾವ ಅಲ್ಲೇ ಕೂತಿದ್ದರು. "ವಯಸ್ಸಾಯಿತಲ್ಲ, ಈಗ ತಲೆಗೆ ಹೋಗುವುದಿಲ್ಲ" ಅಂದರು. ಭಾವ ಒಳ್ಳೆಯವರೇ. ಆಸ್ಪತ್ರೆಯಲ್ಲಿ ರಾತ್ರಿಯಿಡೀ ಬೆಂಚಿನ ಮೇಲೆ ಕೂತು ಅತ್ತೆಯನ್ನು ನೋಡಿಕೊಂಡವರು. ಆದರೂ ಆ ಮಾತು ನನಗೆ ತುಂಬಾ ನೋವು ಕೊಟ್ಟಿತು. ದಿನಾ ಬೆಳಗ್ಗೆ ಉದಯವಾಣಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಹೆಂಗಸಿಗೆ ಕನ್ನಡದಲ್ಲಿ ಒಂದು ಸಾಲು ಬರೆದುಕೊಡದೆ, ತಲೆಗೆ ಹೋಗುವುದಿಲ್ಲ ಎನ್ನುವುದು ಅನ್ಯಾಯ. ಅದನ್ನು ಅವರಿಗೆ ಹೇಳಿದೆ ಕೂಡ. ಆಮೇಲೆ ವಾರ್ಡಿಗೆ ಫೋನ್ ಮಾಡಿದೆವು. ಮಾತ್ರೆ ಬೆಳಗ್ಗಿನದ್ದೇ ಎಂದು ಸಿಸ್ಟರ್ ಹೇಳಿದರು. ಯಾವಾಗಿನಿಂದ ಬದಲಾಯಿಸಬೇಕು ಎಂದೂ ಡಾಕ್ಟರನ್ನು ಕೇಳಿ ತಿಳಿಸಿದರು.

ಈ ವಾರವಿಡೀ ನನ್ನ ಕಿವಿಯಲ್ಲಿ ಅದೊಂದೇ ಪ್ರಶ್ನೆ. ಬೆಳಗ್ಗೆ ಕಡಲಲ್ಲಿ ಸೂರ್ಯ ಎಲ್ಲಿಂದ ಬರುವುದು?

ಬೆಂಗಳೂರಿನ ಕೆಲಸ ಬಿಟ್ಟು ಮಂಗಳೂರಿಗೆ ಬಂದು ಹೆಚ್ಚು ಕಡಿಮೆ ಒಂದು ವರ್ಷವಾಯಿತು. ಅಲ್ಲಿ ಪೇಮೆಂಟ್ ಆ್ಯಪ್ ಒಂದರಲ್ಲಿ ಪ್ರಾಡಕ್ಟ್ ಡಿಸೈನರ್ ಆಗಿದ್ದೆ. ಯಾವ ಬಟನ್ ಎಲ್ಲಿ, ಯಾವ ಬಣ್ಣ, ಒತ್ತಿದ ಮೇಲೆ ಏನು ಕಾಣಬೇಕು, ಅದೇ ಕೆಲಸ. ಬಟನ್ನಿನ ಜಾಗ ಬದಲಿಸಿದರೆ ಎಷ್ಟು ಜನ ಒತ್ತಿದರು ಎಂದು ಮರುದಿನವೇ ಲೆಕ್ಕ ಬರುತ್ತಿತ್ತು. ಒತ್ತದವರು ಯಾಕೆ ಒತ್ತಲಿಲ್ಲ ಎಂಬುದು ಮಾತ್ರ ಆ ಲೆಕ್ಕದಲ್ಲಿ ಬರುತ್ತಿರಲಿಲ್ಲ. ನನಗೆ ಬೇಕಿದ್ದದ್ದು ಅದೇ. ಕೆಲಸ ಬಿಡಲು ಬೇರೆ ದೊಡ್ಡ ಕಾರಣ ಏನೂ ಇಲ್ಲ. ಮದುವೆ ಮನೆಗಳಲ್ಲಿ "ಈಗ ಎಂತ ಮಾಡುವುದು?" ಎಂದು ಕೇಳಿದವರಿಗೂ ಇದನ್ನೇ ಹೇಳುತ್ತೇನೆ. ಕೆಲವರಿಗೆ ಅರ್ಥವಾಗುತ್ತದೆ.

ವಾರದ ಅರ್ಧ ಸಂಬಳದ ಕೆಲಸ. ಹೊರಗಿನ ಕಂಪನಿಗಳಿಗೆ ಫ್ರೀಲ್ಯಾನ್ಸ್ ಮಾಡುತ್ತೇನೆ. ಇನ್ನರ್ಧ ನನ್ನದು. ಹಳೆ ಮನೆ ಕೆಡಹುವಲ್ಲಿ ಸಿಗುವ ಹೆಂಚುಗಳ ಮೇಲಿನ ಅಚ್ಚಿನ ಅಕ್ಷರಗಳನ್ನು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದಿಡುತ್ತಿದ್ದೇನೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರಲ್ಲ, ಅಲ್ಲಿಂದ ಮುಂದೆ ಬಂದ ಒಂದೊಂದು ಕಾರ್ಖಾನೆಯ ಅಕ್ಷರಕ್ಕೂ ಒಂದೊಂದು ಚೆಂದ. ಇನ್ನೊಂದು ಕೆಲಸ, ಮದ್ದಿನ ಹಾಳೆ. ನೆರೆಕರೆಯಲ್ಲಿ ಯಾರಿಗೆ ಬೇಕೋ ಅವರಿಗೆ ದೊಡ್ಡ ಕನ್ನಡ ಅಕ್ಷರದಲ್ಲಿ ಮಾಡಿಕೊಡುತ್ತೇನೆ. ಡಾಕ್ಟರ ಚೀಟಿಯಲ್ಲಿ 1-0-1 ಎಂದು ಬರೆದಿದ್ದರೆ ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಎಷ್ಟೋ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳುವವರೇ ಇಲ್ಲ. ಮಕ್ಕಳು ದುಬೈಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ.

ಆ ಸೂರ್ಯ ಎಲ್ಲಿಂದ ಬಂದ ಎಂದು ಹುಡುಕಲು ಕೂತೆ. ನಮ್ಮ ಮೊಬೈಲಿನಲ್ಲೇ ಇದ್ದಾನೆ. ಇಮೋಜಿಗಳಲ್ಲಿ ಸೂರ್ಯೋದಯ ಎಂಬ ಹೆಸರಿನ ಚಿತ್ರ ನೋಡಿ, ನೀರಿನ ಮೇಲೆ ಸೂರ್ಯ. ಸೂರ್ಯಾಸ್ತಕ್ಕೆ ಕಟ್ಟಡಗಳು. ಬೆಟ್ಟದ ಮೇಲಿನ ಸೂರ್ಯೋದಯ ಅಂತ ಬೇರೆಯೇ ಒಂದಿದೆ. ಘಟ್ಟದ ಬುಡದಲ್ಲಿರುವ ನಮಗೆ ಹೊಂದುವುದು ಅದು. ಎಲ್ಲ ಮೊಬೈಲು, ಕಂಪ್ಯೂಟರುಗಳಿಗೂ ಅಕ್ಷರಗಳ ಒಂದೇ ಪಟ್ಟಿ ಯೂನಿಕೋಡ್; ಮೂರೂ ಅದರ 2010ರ 6.0 ಆವೃತ್ತಿಯಲ್ಲಿ ಸೇರಿದವು. ಅದಕ್ಕೂ ಮೊದಲು ಇಂಥ ಚಿತ್ರಗಳು ಜಪಾನಿನ ಮೊಬೈಲ್ ಕಂಪನಿಗಳಲ್ಲಿ ಬಳಕೆಯಲ್ಲಿದ್ದವು. ಜಪಾನಿನ ಪೂರ್ವಕ್ಕೆ ಪೆಸಿಫಿಕ್ ಸಾಗರ. ಅವರ ಸೂರ್ಯ ನೀರಿನಿಂದಲೇ ಏಳುತ್ತಾನೆ. ಚೆನ್ನೈಯಲ್ಲಿ, ಪುರಿಯಲ್ಲಿ ಕೂತವರಿಗೂ ಆ ಚಿತ್ರ ಸರಿ. ಮಂಗಳೂರಿಗೆ, ಉಡುಪಿಗೆ, ಕಾರವಾರಕ್ಕೆ ಅದು ಸಂಜೆ.

ಚಿತ್ರ ಎಲ್ಲರಿಗೂ ಅರ್ಥವಾಗುತ್ತದೆ, ಭಾಷೆಯ ತೊಂದರೆ ಇಲ್ಲ ಎಂದು ನಮ್ಮ ಕೆಲಸದಲ್ಲಿ ತುಂಬಾ ಜನ ನಂಬುತ್ತಾರೆ. ಮಂಗಳವಾರದಿಂದ ನನಗೆ ಆ ನಂಬಿಕೆ ಇಲ್ಲ. 1951–52ರ ಮೊದಲ ಮಹಾಚುನಾವಣೆ ಹೊತ್ತಿಗೆ ನಮ್ಮ ದೇಶದಲ್ಲಿ ಓದು ಬರೆಹ ಬಲ್ಲವರು ನೂರಕ್ಕೆ 18ರಷ್ಟು ಮಾತ್ರ. ಆಗ ಪಕ್ಷಗಳಿಗೆ ಚಿಹ್ನೆ ಕೊಟ್ಟರು. ಜೋಡೆತ್ತು, ಗುಡಿಸಲು. ಮತ ಹಾಕುವವರ ಅಂಗಳದಲ್ಲೇ ಇದ್ದವು ಅವು. ಚಿತ್ರ ಬರೆಯುವವರು ನೋಡುವವರ ಮನೆ ಬಾಗಿಲಲ್ಲಿ ನಿಂತು ಬರೆದರೆ ಮಾತ್ರ ಅದು ಓದಲಿಕ್ಕೆ ಬರುತ್ತದೆ. ಆಸ್ಪತ್ರೆಯ ಹಾಳೆ ಮಾಡಿದವರು ಕೆಟ್ಟವರಲ್ಲ. ಕಾಗದಕ್ಕೆ, ಬಣ್ಣಕ್ಕೆ ಖರ್ಚು ಮಾಡಿದ್ದಾರೆ. ಅದನ್ನು ಹಿಡಿದುಕೊಂಡು ಹೊರ ಹೋಗುವವರನ್ನು ಬಾಗಿಲಲ್ಲಿ ನಿಲ್ಲಿಸಿ, "ಇದರಲ್ಲಿ ನಿಮಗೆ ಎಂತ ಕಾಣುತ್ತದೆ?" ಎಂದು ಯಾರೂ ಕೇಳಿಲ್ಲ, ಅಷ್ಟೇ. ಅಷ್ಟಕ್ಕೇ ಒಬ್ಬರ ಇಷ್ಟು ರಾತ್ರಿಗಳ ನಿದ್ದೆ ಹೋಯಿತು.

ದೊಡ್ಡಮ್ಮನಿಗೆ ಹೊಸ ಹಾಳೆ ಮಾಡಿದೆ. ಸೂರ್ಯ ಬೇಡ ಅಂತ ಇಬ್ಬರೂ ಸೇರಿ ತೀರ್ಮಾನ ಮಾಡಿದೆವು. ಅವರ ದಿನವನ್ನು ಅವರೇ ಹೇಳಿದರು, ನಾನು ಬರೆದುಕೊಂಡೆ. ಬೆಳಗ್ಗಿನ ಚಾ-ತಿಂಡಿ, ಮಧ್ಯಾಹ್ನದ ಊಟ, ದೀಪ ಹಚ್ಚುವ ಹೊತ್ತು, ರಾತ್ರಿ ಗಂಜಿ. ನಾಲ್ಕು ಚಿತ್ರ, ಕೆಳಗೆ ದೊಡ್ಡದಾಗಿ ಕನ್ನಡ. ಸಿಸ್ಟರಿಗೆ ಅದರ ಫೋಟೋ ಕಳಿಸಿ, ಮಾತ್ರೆಗಳು ಸರಿ ಇವೆಯಾ ಎಂದು ನೋಡಿಸಿದೆ. ಚಿತ್ರದಲ್ಲಿ ಲೋಟ ಬರೆದಿದ್ದೆ. "ನನ್ನದು ದೊಡ್ಡ ಲೋಟ" ಅಂದರು. ದೊಡ್ಡದು ಮಾಡಿದೆ.

ಅದನ್ನು ನಮ್ಮ ಬೀದಿಯ ಮೆಡಿಕಲಿನವರಿಗೆ ತೋರಿಸಿದೆ. ತುಂಬಾ ವರ್ಷಗಳಿಂದ ಮಾತ್ರೆಯ ಕವರಿನ ಮೇಲೆ ಪೆನ್ನಿನಲ್ಲಿ ಬರೆದು, ಎರಡೆರಡು ಸಲ ಬಾಯಲ್ಲೂ ಹೇಳಿ ಕಳಿಸುವ ಮನುಷ್ಯ. ಡಿಸೈನಿನ ಬಗ್ಗೆ ಈ ವರ್ಷ ನಾನು ಜಾಸ್ತಿ ಕಲಿತದ್ದು ಅವರಿಂದ. ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನಿಮ್ಮ ದೊಡ್ಡಮ್ಮನಿಗೆ ಇದು ಸರಿ. ಮೀನಿನ ಕೆಲಸಕ್ಕೆ ದಕ್ಕೆಗೆ ಹೋಗುವವರು ಬೆಳಗಿನ ಜಾವವೇ ಚಾ ಕುಡಿದು ಹೊರಟಿರುತ್ತಾರೆ. ಅವರ ತಿಂಡಿ ಯಾವಾಗಲೋ. ನೈಟ್ ಡ್ಯೂಟಿಯವರಿಗೆ ಬೆಳಗ್ಗೆ ಅಂದರೆ ಮಲಗುವ ಹೊತ್ತು. ಬ್ಯಾರಿಗಳ ಮನೆಯಲ್ಲಿ ದೀಪದ ಚಿತ್ರಕ್ಕಿಂತ ಮಗ್ರಿಬ್, ಸಂಜೆಯ ನಮಾಜು, ಅಂದರೆ ತಕ್ಷಣ ಗೊತ್ತಾಗುತ್ತದೆ. ಎಲ್ಲರಿಗೂ ಒಂದೇ ಹಾಳೆ ಮಾಡ್ತೀರಾ?"

ಇಲ್ಲ. ಚಿತ್ರದ ಜಾಗ ಖಾಲಿ ಬಿಟ್ಟು ಪ್ರಿಂಟ್ ಹಾಕಿಸಿದ್ದೇನೆ. ಮದ್ದು ಕೊಡುವಾಗ ಕೇಳಿ, ಅವರವರ ದಿನ ಹೇಗೋ ಹಾಗೆ ಅಲ್ಲೇ ಬರೆದುಕೊಡುವುದು. ಬರುವ ವಾರದಿಂದ ಸಂಜೆ ಹೊತ್ತು ನಾನು ಅವರ ಕೌಂಟರಿನ ಪಕ್ಕ ಸ್ಟೂಲ್ ಹಾಕಿ ಕೂರಲು ಅವರು ಒಪ್ಪಿದ್ದಾರೆ. ಅಂಗಡಿಯಲ್ಲಿ ಜನ ಜಾಸ್ತಿಯಾದರೆ ಹೊರಗೆ ಕಟ್ಟೆಯ ಮೇಲೆ ಕೂತು ಬರೆಯುತ್ತೇನೆ ಎಂದಿದ್ದೇನೆ.