ಯಾವ ಒಡೆಯರು?

ಹೋಗಿದ್ದು ಶಿವಮೊಗ್ಗ ಜಿಲ್ಲೆಯ ನಗರ ಅನ್ನೋ ಊರಿನ ಕೋಟೆ ನೋಡೋಕೆ. ಬರೆಯೋಕೆ ಕೂತರೆ ಕಣ್ಣ ಮುಂದೆ ಬರುವುದು ಕಾಗೋಡಿನ ಒಂದು ಮನೆಯ ಜಗಲಿ.

ರಾಜರು ಒಂದೇ ಏಟಿಗೆ ಹೋಗಬೇಕಾ, ನಿಧಾನಕ್ಕೆ ಹೋಗಬೇಕಾ ಅನ್ನೋ ಜಗಳ ಶುರುವಾಗಿದ್ದು ತಾಳಗುಪ್ಪ ರೈಲಿನಲ್ಲೇ. ಜೊತೆಗಿದ್ದ ಗೆಳೆಯ ನೇಪಾಳ ಸುತ್ತಿ ಬಂದವನು. 2008ರ ಮೇ 28ರಂದು ಅಲ್ಲಿನ ಸಂವಿಧಾನ ಸಭೆ ಒಂದೇ ಏಟಿಗೆ ರಾಜತ್ವ ತೆಗೆದುಹಾಕಿತು. ಎರಡು ವಾರದಲ್ಲಿ ರಾಜ ಜ್ಞಾನೇಂದ್ರ ಅರಮನೆ ಬಿಟ್ಟ. ಅರಮನೆ ಈಗ ಮ್ಯೂಸಿಯಂ. 'ಹೀಗಿರಬೇಕು ನೋಡು' ಅಂದ.

ನಾನು ನಿಧಾನದ ಪಕ್ಷ. ನಮ್ಮ ಮೈಸೂರನ್ನೇ ನೋಡಿ. 1881ರಲ್ಲಿ ಪ್ರಜಾಪ್ರತಿನಿಧಿ ಸಭೆ. 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿ ಅವರ ಸರ್ಕಾರ. ಜಯಚಾಮರಾಜ ಒಡೆಯರು ರಾಜಪ್ರಮುಖರಾದರು, ಅಂದರೆ ರಾಜ್ಯದ ಸಾಂವಿಧಾನಿಕ ಮುಖ್ಯಸ್ಥರು; ಆಮೇಲೆ ರಾಜ್ಯಪಾಲರೂ ಆದರು. ಕೊನೆಗೆ 1971ರಲ್ಲಿ ಮಾಜಿ ರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನವೂ ನಿಂತಿತು. ಯಾರ ಮೂಗಿನಲ್ಲೂ ರಕ್ತ ಬರಲಿಲ್ಲ ಅಂದೆ.

'ಈಸೂರು ಮರೆತೆಯಾ?' ಅಂದ. ಬಾಯಿ ಮುಚ್ಚಿದೆ. 1942ರಲ್ಲಿ ಶಿಕಾರಿಪುರದ ಆ ಹಳ್ಳಿ ತನ್ನದೇ ಸರ್ಕಾರ ಮಾಡಿಕೊಂಡಿತು. ಗಲಾಟೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. 1943ರ ಮಾರ್ಚಿನಲ್ಲಿ ಐವರನ್ನು ನೇಣಿಗೆ ಹಾಕಿದರು. ಆಗ ಗಾದಿಯ ಮೇಲಿದ್ದವರು ನನ್ನ ಇದೇ ಜಯಚಾಮರಾಜರು.

ನಗರದಲ್ಲಿ ಮಳೆ. ಕೋಟೆ ಚೆನ್ನಾಗಿದೆ, ಪಾಚಿ ಹಿಡಿದ ಗೋಡೆ ಇನ್ನೂ ಚೆನ್ನಾಗಿದೆ. 1763ರಲ್ಲಿ ಹೈದರ್ ಅಲಿ ಇದನ್ನು ಹಿಡಿದ, ಕೆಳದಿ ಅರಸರ ಆಳ್ವಿಕೆ ಅಲ್ಲಿಗೆ ಮುಗಿಯಿತು. ನನಗೆ ಅಲ್ಲಿ ನೆನಪಾಗಿದ್ದು ಬೇರೆ ಕಥೆ. 1830ರಲ್ಲಿ ಇದೇ ನಗರದ ರೈತರು ಕಂದಾಯದ ಕಾಟಕ್ಕೆ ದಂಗೆ ಎದ್ದರು. ಮರುವರ್ಷ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಹೋಯಿತು. ಹೋಗಿದ್ದು ರೈತರ ಕೈಗಲ್ಲ, ಬ್ರಿಟಿಷ್ ಕಮಿಷನರ್ ಕೈಗೆ. ಅದೂ 50 ವರ್ಷ! ಇದನ್ನು ಗೆಳೆಯನಿಗೆ ಹೇಳಿ ಸ್ಕೋರು ಸಮ ಮಾಡಿಕೊಂಡೆ.

ಇಳಿದುಕೊಂಡ ಹೋಂಸ್ಟೇ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮಲೆನಾಡಿನ ಊಟ ಅಂತ ಮುಂಗಡ ಪೂರ್ತಿ ತಗೊಂಡು ಗೋಬಿ ಮಂಚೂರಿ ಬಡಿಸಿದರು. ಪೂರ್ತಿ ದುಡ್ಡು ಮೊದಲೇ ಕೊಡಬೇಡಿ. ಮಳೆಗಾಲದಲ್ಲಿ ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ, ಉಂಬಳ (ಜಿಗಣೆ) ಕಾಲುಚೀಲದೊಳಗೂ ನುಗ್ಗುತ್ತವೆ.

ಮೂರನೇ ದಿನ ಸಾಗರದ ಹತ್ತಿರದ ಕಾಗೋಡಿಗೆ ಹೋದೆವು. ಹಸಿರು ಗದ್ದೆ, ಅಡಿಕೆ ತೋಟ, ಅಷ್ಟೇ. 1951ರ ಗೇಣಿದಾರರ ಸತ್ಯಾಗ್ರಹ ಇಲ್ಲೇ ನಡೆದಿದ್ದು. ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನವಾಗಿದ್ದೂ ಇದೇ ಸತ್ಯಾಗ್ರಹದಲ್ಲಿ. ಮಳೆ ಜೋರಾಯಿತು. ಒಂದು ಮನೆಯ ಜಗಲಿ ಹತ್ತಿದೆವು. ಎಂಬತ್ತರ ಆಸುಪಾಸಿನ ಅಜ್ಜ, 'ಕೂತ್ಕೊಳ್ಳಿ ಮಾರಾಯ್ರೆ' ಅಂದರು. ಒಳಗಿಂದ ಕಷಾಯ ಬಂತು. ಹಾಲು, ಬೆಲ್ಲ, ಜೀರಿಗೆ ಹದವಾಗಿದ್ದ ಕಷಾಯ. ಹೋಂಸ್ಟೇಯವರು ಇಲ್ಲಿ ಬಂದು ಕಲಿಯಬೇಕು.

ನಮ್ಮ ಜಗಳ ಅವರ ಮುಂದಿಟ್ಟೆವು. 'ಒಡೆಯರು ನಿಧಾನಕ್ಕೆ ಹೋಗಿದ್ದು ಒಳ್ಳೆದಾಯ್ತು ಅಲ್ವಾ ಅಜ್ಜ?' ಅಂದೆ.

'ಯಾವ ಒಡೆಯರು? ಮೈಸೂರಿನವರಾ, ನಮ್ಮವರಾ?'

ಗದ್ದೆಯ ಮಾಲೀಕರನ್ನು ಇಲ್ಲಿಯ ಗೇಣಿದಾರರು 'ಒಡೇರು' ಅಂತಲೇ ಕರೆಯುತ್ತಿದ್ದರು. ಅಜ್ಜನಿಗೆ ಒಡೆಯರು ಅಂದರೆ ಅವರೇ. ಮೈಸೂರಿನವರು ಹೋಗಿದ್ದು ಈ ಮನೆಗೆ ಗೊತ್ತೇ ಆಗಲಿಲ್ಲವಂತೆ. ಎದ್ದು ಒಳಗೆ ಹೋಗಿ ಅಟ್ಟದಿಂದ ಭತ್ತ ಅಳೆಯುವ ಒಂದು ಕೊಳಗ ಇಳಿಸಿಕೊಂಡು ಬಂದರು. ಮರದ್ದು. ಬಾಯಿಗೆ ತಗಡಿನ ಪಟ್ಟಿ, ಒಳಗೆಲ್ಲ ಸವೆದು ನುಣುಪು.

'ಇದು ನಮ್ಮನೆದು. ಗೇಣಿ ಅಳೆಯೋಕೆ ಇದು ನಡೀತಿರಲಿಲ್ಲ. ಒಡೇರ ಮನೆ ಕೊಳಗ ಬರ್ತಿತ್ತು.' ಕೊಳಗದ ಬಾಯಿಯ ಮೇಲೆ ನಾಲ್ಕು ಬೆರಳು ಅಡ್ಡ ಇಟ್ಟು ತೋರಿಸಿದರು. 'ಇದಕ್ಕಿಂತ ಇಷ್ಟು ಎತ್ತರ ಇತ್ತು ಅಂತ ಅಪ್ಪ ಹೇಳ್ತಿದ್ರು. ಇದನ್ನ ಕೇಳಿದ್ದಕ್ಕೆ ಜೈಲು.'

ಆ ಹೊತ್ತಿಗೆ ದೇಶದಲ್ಲಿ ಸಂವಿಧಾನ ಬಂದು ವರ್ಷ ದಾಟಿತ್ತು. ಗದ್ದೆ ಇವರ ಹೆಸರಿಗೆ ಆಗಿದ್ದು 1974ರ ಭೂಸುಧಾರಣೆಯ ಮೇಲೆ. 'ಗದ್ದೆ ನಮ್ಮ ಹೆಸರಿಗೆ ಮಾಡಿ ಅಂತ ಫಾರಂ ನಂಬರ್ ಏಳು ಹಾಕಿದ್ವಿ. ಟ್ರಿಬ್ಯುನಲ್‌ಗೆ ಅಲೆದ್ವಿ. ಒಡೇರಿಂದ ಬಿಡಿಸಿ ಕೊಟ್ಟಿದ್ದು ಯಾರು ಹೇಳಿ? ದೇವರಾಜ ಅರಸು!' ಅಂತ ನಕ್ಕರು.

'ಹಾಗಾದ್ರೆ ಇಪ್ಪತ್ಮೂರು ವರ್ಷ ಕಾದದ್ದು ತಪ್ಪಲ್ವಾ?' ಗೆಳೆಯ ಗೆದ್ದವನ ಹಾಗೆ ಮುಂದೆ ಬಾಗಿದ.

'ಕಾದೋರು ಯಾರು ಮಾರಾಯ? ಅಪ್ಪನ್ನ ಗದ್ದೆಯಿಂದ ಎಬ್ಬಿಸಿದ್ರು. ನಾಲ್ಕು ವರ್ಷ ಬೇರೆಯವರ ತೋಟದಲ್ಲಿ ಅಡಿಕೆ ಕೊನೆ ಹೊತ್ವಿ.' ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಒಡೇರ ಮನೆಯ ಕಥೆ ತಾವೇ ತೆಗೆದರು. ಗದ್ದೆ ಅವರ ಕೈತಪ್ಪಿದ ವರ್ಷ ಆ ಮನೆಯಮ್ಮ ಇವರ ಮನೆ ಬಾಗಿಲಿಗೆ ಅಕ್ಕಿ ಕೇಳಿಕೊಂಡು ಬಂದಿದ್ದರಂತೆ. ಹೊರಗೇ ನಿಂತಿದ್ದರು, ಒಳಗೆ ಬರಲಿಲ್ಲ.

'ಕೊಟ್ರಾ?' ಅಂದೆ.

'ಇದರಲ್ಲೇ ಅಳೆದು ಕೊಟ್ಲು ಅವ್ವ. ಮೇಲೆ ಒಂದು ಹಿಡಿ ಜಾಸ್ತಿ ಹಾಕಿದ್ಲು. ನನಗೆ ಸಿಟ್ಟು ಬಂದಿತ್ತು.'

ಮಳೆ ನಿಂತಿತು. ಕೊಳಗವನ್ನು ಕೈಗೆ ತೆಗೆದುಕೊಂಡು ನೋಡಿದೆ. ತಳದಲ್ಲಿ ಕೋಳಿಗೆ ಹಾಕುವ ನುಚ್ಚು ಅಂಟಿಕೊಂಡಿತ್ತು. ಅಂಗಳ ದಾಟುವಾಗ ಅಜ್ಜ ಹಿಂದಿನಿಂದ ಕೂಗಿದರು:

'ಆ ನೇಪಾಳದ ರಾಜನ ಗದ್ದೆ ಎಲ್ಲ ಯಾರಿಗೆ ಹೋಯ್ತಂತೆ?'

ಗೆಳೆಯ ನನ್ನ ಮುಖ ನೋಡಿದ.