ಹ್ಯೂಸ್ಟನ್ನಲ್ಲಿ ಇರೋರೆಲ್ಲ ನಾಸಾದವ್ರಲ್ಲ ಮಾರಾಯ್ರೆ

ರಜೆಗೆ ಊರಿಗೆ ಬಂದಾಗೆಲ್ಲ ಇದೊಂದು ತಪ್ಪಿದ್ದಲ್ಲ. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಲ್ಲಿ ಇಳಿದು ಮನೆ ಸೇರೋದ್ರೊಳಗೆ ಯಾರಾದ್ರೂ ಒಬ್ರು "ಹ್ಯೂಸ್ಟನ್ನಾ? ಹಂಗಾದ್ರೆ ನಾಸಾದಲ್ಲಾ?" ಅಂತ ಕೇಳೇ ಕೇಳ್ತಾರೆ. ನಾನು ಆಯಿಲ್ ಕಂಪನಿಯ ಪೈಪು ವಾಲ್ವು ಡಿಸೈನ್ ಮಾಡೋನು. ನಾಸಾದ ಜಾನ್ಸನ್ ಸ್ಪೇಸ್ ಸೆಂಟರ್ ಇರೋದು ಸಿಟಿ ಮಧ್ಯದಿಂದ ದೂರ ಕ್ಲಿಯರ್ ಲೇಕ್ ಕಡೆ, ಅಲ್ಲಿ ಕಾಂಪೌಂಡ್ ಒಳಗೆ ಉದ್ದ ಕೊಂಬಿನ ದನ ಮೇಯ್ತಿರ್ತಾವೆ ಅಂದ್ರೆ ನಮ್ಮ ಅಜ್ಜಿ ಇವತ್ತಿಗೂ ನಂಬಲ್ಲ.

ಆದ್ರೆ ಈ ಸಲ ಶಿವಮೊಗ್ಗದಲ್ಲಿ ಮೆಕ್ಯಾನಿಕಲ್ ಓದ್ತಿರೋ ಅತ್ತೆ ಮೊಮ್ಮಗ ಒಂದು ಸರಿಯಾದ ಪ್ರಶ್ನೆ ಕೇಳ್ದ, ಗಗನಯಾತ್ರಿ ಆಗಕ್ಕೆ ಪೈಲಟ್ಟೇ ಆಗಿರ್ಬೇಕಾ, ನಮ್ಮಂಥ ಇಂಜಿನಿಯರುಗಳಿಗೆ ಅಲ್ಲಿ ಏನು ಕೆಲ್ಸ ಅಂತ. ಅವನಿಗೆ ನಾಸಾ ಗಗನಯಾತ್ರಿ ಆಗಿದ್ದ ಇಂಜಿನಿಯರ್ ಮೈಕ್ ಮ್ಯಾಸಿಮಿನೊ ಕಥೆ ಹೇಳ್ದೆ, ಹೇಳ್ತಾ ಹೇಳ್ತಾ ಮಳೆ ನಿಂತಿದ್ದೂ ಗೊತ್ತಾಗ್ಲಿಲ್ಲ.

ಈ ಮನುಷ್ಯ ನ್ಯೂಯಾರ್ಕ್ ಅಗ್ನಿಶಾಮಕ ಇಲಾಖೆಯ ಇನ್‌ಸ್ಪೆಕ್ಟರ್ ಒಬ್ಬರ ಮಗ. 1984ರಲ್ಲಿ ಕೊಲಂಬಿಯಾ ಯೂನಿವರ್ಸಿಟಿಯಿಂದ ಇಂಡಸ್ಟ್ರಿಯಲ್ ಇಂಜಿನಿಯರಿಂಗ್, ಆಮೇಲೆ ಎಂಐಟಿ. ಪಿಎಚ್‌ಡಿಯ ಕ್ವಾಲಿಫೈಯಿಂಗ್ ಪರೀಕ್ಷೇಲಿ ಮೊದಲನೇ ಸಲ ಡುಮ್ಕಿ, ಆಮೇಲೆ 1992ರಲ್ಲಿ ಮುಗಿಸ್ದ. ದೂರದಿಂದ ರೋಬೋಟ್ ಕೈ ಆಡಿಸೋನಿಗೆ ಆ ರೋಬೋಟ್ ಕೈಗೆ ತಾಗೋ ಒತ್ತಡ ಗೊತ್ತಾಗೋ ಹಂಗೆ ಮಾಡೋದು ಹೆಂಗೆ ಅನ್ನೋದು ಅವನ ವಿಷಯ. ನಾಸಾಕ್ಕೆ ಅರ್ಜಿ ಹಾಕ್ದ, ಎರಡು ಸಲ ಬೇಡ ಅಂದ್ರು. ಮೂರನೇ ಸಲ ಇಂಟರ್ವ್ಯೂವರೆಗೆ ಹೋಗಿ ಕಣ್ಣಿನ ಟೆಸ್ಟಲ್ಲಿ ಔಟ್. ಆಗ ಕಣ್ಣಿಗೆ ಲೇಸರ್ ಆಪರೇಷನ್ ಮಾಡಿಸ್ಕೊಳ್ಳೋ ಹಂಗೂ ಇರ್ಲಿಲ್ಲ, ಕಣ್ಣಿಗೇ ವ್ಯಾಯಾಮ ಕೊಟ್ಟು ದೃಷ್ಟಿ ಸುಧಾರಿಸ್ಕೊಂಡು ಮತ್ತೆ ಹೋದ, 1996ರಲ್ಲಿ ತಗೊಂಡ್ರು.

ಟ್ರೈನಿಂಗ್ ಬಗ್ಗೆ ಒಂದು ಮಾತು. ಹ್ಯೂಸ್ಟನ್ನಿನ ಎಲಿಂಗ್ಟನ್ ಏರ್‌ಪೋರ್ಟ್ ಹತ್ರ, ತೂಕ ಇಲ್ದಂಗೆ ತೇಲೋದನ್ನ ಅಭ್ಯಾಸ ಮಾಡಕ್ಕೆ ನಾಸಾದ ಒಂದು ಈಜುಕೊಳ ಇದೆ, 202 ಅಡಿ ಉದ್ದ, 102 ಅಗಲ, 40 ಅಡಿ ಆಳ. ಒಳಗೆ ಸ್ಪೇಸ್ ಸ್ಟೇಷನ್ನಿನ ಭಾಗಗಳನ್ನ ನಿಜವಾದ ಅಳತೇಲೇ ಮಾಡಿ ಮುಳುಗಿಸಿಟ್ಟಿದಾರೆ. ಸೂಟ್ ಹಾಕಿ ಗಂಟೆಗಟ್ಲೆ ನೀರೊಳಗೇ ಸ್ಪ್ಯಾನರ್ ಹಿಡಿದು ಅಭ್ಯಾಸ. ಸೂಟಿನೊಳಗೆ ಗಾಳಿ ಒತ್ತಡ ಇರೋದ್ರಿಂದ ಗ್ಲೌಸು ಬಿಗಿಯಾಗಿ ಉಬ್ಬಿರುತ್ತೆ, ಮುಷ್ಟಿ ಹಿಡಿದಷ್ಟು ಸಲಾನೂ ಅದ್ರ ಜೊತೆ ಗುದ್ದಾಡ್ಬೇಕು. ನಮ್ಮ ಅಡಿಕೆ ತೋಟದಲ್ಲಿ ಮರ ಹತ್ತಿ ಕೊನೆ ಕೊಯ್ಯೋ ಕೊನೆಗೌಡ ಒಂದು ಮರದಿಂದ ಇನ್ನೊಂದಕ್ಕೆ ದಾಟೋವಾಗ ಮೊದ್ಲು ಹಿಡಿತ ನೋಡ್ಕೊಂಡು ಆಮೇಲೆ ಕಾಲು ಬಿಡ್ತಾನಲ್ಲ, ಅದೇ ಶಿಸ್ತು ಇಲ್ಲೂ, ಸೂಟಿಗೆ ಕಟ್ಟಿರೋ ಹಗ್ಗದ ಹೊಸ ಹುಕ್ ಸಿಗಿಸಿದ ಮೇಲೇ ಹಳೇದು ಬಿಚ್ಚೋದು.

2002ರ ಮಾರ್ಚಲ್ಲಿ ಕೊಲಂಬಿಯಾ ಅನ್ನೋ ಸ್ಪೇಸ್ ಷಟಲ್‌ನಲ್ಲಿ ಭೂಮಿ ಸುತ್ತ ತಿರುಗೋ ಹಬಲ್ ಟೆಲಿಸ್ಕೋಪಿಗೆ ಹೋಗಿ, ನೌಕೆಯಿಂದ ಹೊರಗೆ ಬಂದು ಎರಡು ಸ್ಪೇಸ್‌ವಾಕ್ ಮಾಡಿ ಬಂದ. ಅಸಲಿ ಮಜಾ ಇರೋದು 2009ರ ಮೇ ತಿಂಗಳ ಅಟ್ಲಾಂಟಿಸ್ ಷಟಲ್ ಯಾತ್ರೇಲಿ. ಹಬಲ್‌ನಲ್ಲಿ ಎಸ್‌ಟಿಐಎಸ್ ಅಂತ ಒಂದು ಸ್ಪೆಕ್ಟ್ರೋಗ್ರಾಫ್, ಅಂದ್ರೆ ಬೆಳಕನ್ನ ಬಣ್ಣ ಬಣ್ಣವಾಗಿ ಬಿಡಿಸಿ ನೋಡೋ ಉಪಕರಣ, 2004ರಲ್ಲಿ ಅದ್ರ ಪವರ್ ಸಪ್ಲೈ ಕೆಟ್ಟಿತ್ತು. ಬಾಹ್ಯಾಕಾಶದಲ್ಲಿ ಬಿಚ್ಚೋ ಥರ ಅದನ್ನ ಮಾಡೇ ಇರ್ಲಿಲ್ಲ. ಮುಚ್ಚಳಕ್ಕೆ 111 ಸಣ್ಣ ಸ್ಕ್ರೂ, ಒಂದು ತಪ್ಪಿಸ್ಕೊಂಡು ತೇಲಿದ್ರೂ ಕಷ್ಟ ಅಂತ ಸ್ಕ್ರೂ ಹಿಡಿದಿಟ್ಕೊಳ್ಳೋ ಒಂದು ಪ್ಲೇಟನ್ನೇ ತಯಾರು ಮಾಡಿದ್ರು.

ಆ 111ಕ್ಕೆ ಕೈ ಹಾಕೋಕ್ಕೆ ಮುಂಚೆ ಅಡ್ಡ ಇರೋ ಒಂದು ಹಿಡಿಕೆ ತೆಗೀಬೇಕು, ಅದಕ್ಕೆ ನಾಲ್ಕೇ ಸ್ಕ್ರೂ. ಮೂರು ಬಂತು. ನಾಲ್ಕನೇದ್ರ ತಲೆ ಸವೆದು ಟೂಲ್ ಸುಮ್ನೆ ಗಿರಗಿರ ಅಂತು. ಪಂಪ್‌ಸೆಟ್ ಬಿಚ್ಚಿದೋರಿಗೆಲ್ಲ ಗೊತ್ತು ಆ ಸಂಕಟ, ಆದ್ರೆ ಇವನು ಇರೋದು ಸುಮಾರು 560 ಕಿಲೋಮೀಟರ್ ಮೇಲೆ, ಹಾರ್ಡ್‌ವೇರ್ ಅಂಗಡಿಗೆ ಹೋಗೋ ಹಂಗಿಲ್ಲ, ವರ್ಷಗಟ್ಲೆ ಮಾಡಿದ ತಯಾರಿ ಎಲ್ಲ ಒಂದು ಸ್ಕ್ರೂ ಮೇಲೆ ನಿಂತಿದೆ. ಕೆಳಗೆ ಭೂಮಿ ಮೇಲೆ ನಾಸಾದ ಗಾಡರ್ಡ್ ಸೆಂಟರಿನ ಇಂಜಿನಿಯರುಗಳು ಅಂಥದ್ದೇ ಹಿಡಿಕೆನ ಎಳೆದು ನೋಡಿ, ಕಿತ್ತರೆ ಬರುತ್ತೆ ಅಂತ ಲೆಕ್ಕ ಕೊಟ್ರು. ಚೂರು ಸಿಡಿದು ಸೂಟ್ ತೂತಾಗ್ಬಾರ್ದು ಅಂತ ಟೇಪ್ ಸುತ್ತಿ, ಒಂದೇ ಎಳೆತ, ಬಂತು! ಅಷ್ಟಕ್ಕೇ ಮುಗೀಲಿಲ್ಲ, ಪವರ್ ಟೂಲೂ ಕೈಕೊಟ್ಟು ಬದಲಿ ತರಕ್ಕೆ ವಾಪಸ್ ನೌಕೆಯ ಬಾಗಿಲ ಕೋಣೆ, ಅಂದ್ರೆ ಏರ್‌ಲಾಕಿಗೆ ಹೋಗ್ಬೇಕಾಯ್ತು. ಜೊತೆಗಾರ ಮೈಕ್ ಗುಡ್ ಜೊತೆ ಅವತ್ತು ಹೊರಗೆ ಇದ್ದಿದ್ದು 8 ಗಂಟೆ 2 ನಿಮಿಷ. ಎಸ್‌ಟಿಐಎಸ್ ಮತ್ತೆ ಕೆಲ್ಸ ಶುರು ಮಾಡ್ತು.

ಬಾಹ್ಯಾಕಾಶದಿಂದ ಮೊದಲು ಟ್ವೀಟ್ ಮಾಡಿದ್ದೂ ಇವನೇ, ಜನ ಅದನ್ನೇ ನೆನಪಿಟ್ಕೊಂಡಿದಾರೆ, ನಂಗಂತೂ ಆ ಹಿಡಿಕೆ ಕಿತ್ತಿದ್ದೇ ದೊಡ್ಡದು.

ಹುಡುಗ ಎಲ್ಲ ಕೇಳಿ "ಅಂದ್ರೆ ಅಷ್ಟು ಓದಿ ಕೊನೆಗೆ ಫಿಟ್ಟರ್ ಕೆಲ್ಸಾನಾ" ಅಂದ. ಹೌದು ಕಣೋ, ಕಾಲೇಜ್ ವರ್ಕ್‌ಶಾಪಲ್ಲಿ ಕಬ್ಬಿಣ ಉಜ್ಜೋ ಫೈಲ್ ಹಿಡಿಯಕ್ಕೆ ಮುಖ ಸಿಂಡರಿಸ್ತೀಯಲ್ಲ ಅದೇ ಕೆಲ್ಸ ಅಂದೆ. ನಾಸಾ ಗಗನಯಾತ್ರಿ ಆಗಕ್ಕೆ ಅಮೆರಿಕದ ಸಿಟಿಜನ್ ಆಗಿರ್ಬೇಕು ಅನ್ನೋದನ್ನೂ ಹೇಳ್ದೆ, ಮನುಷ್ಯರನ್ನ ಬಾಹ್ಯಾಕಾಶಕ್ಕೆ ಕಳಿಸೋ ನಮ್ಮ ಇಸ್ರೋದ ಗಗನಯಾನಕ್ಕೆ ಮೊದ್ಲು ಆರಿಸಿದ ನಾಲ್ಕೂ ಜನ ವಾಯುಪಡೆ ಪೈಲಟ್‌ಗಳು ಅನ್ನೋದನ್ನೂ. ಇಂಜಿನಿಯರುಗಳಿಗೂ ಇಲ್ಲಿ ಬೇಗ ಬಾಗಿಲು ತೆಗೀಲಿ ಅನ್ನೋದು ನನ್ನಾಸೆ. ಅಷ್ಟರಲ್ಲಿ ಮಾವ ಬಂದು ಅಡಿಕೆ ಸುಲಿಯೋ ಮಿಷನ್ ನಿಂತಿದೆ ಇಬ್ರೂ ಬನ್ರೋ ಅಂತ ಕರೆದ್ರು.