ತಮ್ಮನಿಗೆ ತಿಳಿಯದಂತೆ ಏನನ್ನೂ ಮಾಡಬಾರದು

ಕುಡಿದ ಅಮಲಿನಲ್ಲಿ ನಡೆದ ಹೊಡೆದಾಟದಲ್ಲಿ ಒಬ್ಬರ ಜೀವ ಹೋಗಿ, ಅದಕ್ಕಾಗಿ ಶಿಕ್ಷೆ ಅನುಭವಿಸಿದ ನನ್ನ ತಮ್ಮ ಬೆಳಗಾವಿಯ ಹಿಂಡಲಗಾ ಜೈಲಿನಿಂದ ಬಿಡುಗಡೆಯಾಗಿ ಬಂದಾಗ, ಇಷ್ಟು ವರ್ಷ ಕುಡಿಯದವನು ಇನ್ನೇಕೆ ಕುಡಿದಾನು ಎಂದು ಬಂಧುಗಳೆಲ್ಲ ನೆಮ್ಮದಿಯಿಂದಿದ್ದರು. ನನ್ನೆದುರು ಅವನು ಹೇಳಿದ್ದೇ ಬೇರೆ: "ಅಕ್ಕಾ, ಒಳಗ ಸಿಗಲಿಲ್ಲ, ಕುಡೀಲಿಲ್ಲ. ಅಷ್ಟಕ್ಕ ಬಿಟ್ಟೇನಿ ಅಂತ ಹೆಂಗ ಹೇಳ್ಲಿ?"

ಅವ್ವನಿಗೂ ಒಳಗೊಳಗೇ ಅದೇ ಅಂಜಿಕೆ. ಕುಡಿಯುವವನಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆಂಬ ಜಾಹೀರಾತುಗಳನ್ನು ನಮ್ಮೂರ ಗೋಡೆಗಳ ಮೇಲೆ ನೋಡದವರಿಲ್ಲ. ಅಂಥದೊಂದು ಪುಡಿಯನ್ನು ತರಿಸಿ, ಸಾರಿನಲ್ಲಿ ಬೆರೆಸುವ ಯೋಚನೆಯಿಂದ ಸಾಸಿವೆ ಡಬ್ಬಿಯ ಹಿಂದೆ ಇಟ್ಟಿದ್ದಳು. ಪೊಟ್ಟಣದ ಮೇಲೆ, ಒಳಗೆ ಏನಿದೆಯೆಂಬ ವಿವರ ಒಂದಕ್ಷರವೂ ಇರಲಿಲ್ಲ. ಅಂಥ ಪುಡಿಯಲ್ಲಿ ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಎಂಬ ಔಷಧವೇನಾದರೂ ಇದ್ದು, ಅದನ್ನು ತಿಂದವನು ಅರಿಯದೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ಆದ್ದರಿಂದಲೇ ವೈದ್ಯರು ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದ ಮೇಲಷ್ಟೇ ಆ ಮಾತ್ರೆಯನ್ನು ಬರೆದುಕೊಡುತ್ತಾರೆ. ಅವ್ವನಿಗೆ ಇದನ್ನೆಲ್ಲ ಹೇಳಿ ಪೊಟ್ಟಣವನ್ನು ಎಸೆದೆ. ಅವಳು ಅತ್ತಳು, ನನಗೂ ಸಂಕಟವಾಯಿತು. ಆದರೆ ಜೈಲಿನಲ್ಲಿ ಏಳುವ ಹೊತ್ತಿನಿಂದ ಮಲಗುವ ಹೊತ್ತಿನವರೆಗೆ ಎಲ್ಲವನ್ನೂ ಬೇರೆಯವರೇ ತೀರ್ಮಾನಿಸಿದ್ದವನಿಗೆ, ತಿನ್ನುವ ಅನ್ನದಲ್ಲೂ ಮೋಸವಿದೆಯೆಂದು ಗೊತ್ತಾದರೆ ಅವನು ಯಾರನ್ನು ನಂಬಿ ಬದುಕಬೇಕು?

ವ್ಯಸನಮುಕ್ತಿಗೆಂದೇ ಇರುವ ಉಚಿತ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಅವನೇ ಕರೆ ಮಾಡಿದ. ಮನೋವೈದ್ಯರನ್ನು ಕಾಣಲು ಜಿಲ್ಲಾಸ್ಪತ್ರೆಗೂ ಅವನೇ ಹೋದ. ಯಕೃತ್ತಿನ ಪರೀಕ್ಷೆ ಮಾಡಿಸಿದ ಬಳಿಕ, ಕುಡಿಯುವ ಹಂಬಲವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್ ಮಾತ್ರೆಯನ್ನು ಬರೆದುಕೊಟ್ಟರು. ಆ ಮಾತ್ರೆಗಳು ಇರುವುದು ಅವನ ಬಳಿಯೇ. ನುಂಗಿದೆಯಾ ಎಂದು ನಾವು ಕೇಳುವುದಿಲ್ಲ.

ಕೆಲಸ ಸಿಗುವುದು ನಾವೆಣಿಸಿದಷ್ಟು ಕಷ್ಟವಾಗಲಿಲ್ಲ, ಏಕೆಂದರೆ ಒಳಗೆ ಕಲಿತ ಬಡಗಿತನ ಅವನ ಕೈಹಿಡಿಯಿತು. ಕಷ್ಟವಾದದ್ದು ಪಗಾರದ ದಿನ. ಕೈಯಲ್ಲಿ ನೋಟುಗಳನ್ನು ಹಿಡಿದು ಸಂಜೆ ಬಾರಿನ ಮುಂದೆ ಹಾದುಬರುವುದು ತನ್ನಿಂದಾಗದೆಂದು ಅವನೇ ಹೇಳಿ, ದುಡ್ಡನ್ನು ಖಾತೆಗೆ ಹಾಕುವಂತೆ ಮಾಲೀಕರನ್ನು ಕೇಳಿಕೊಂಡ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ವಹಿವಾಟಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಅವನ ಖಾತೆಯೂ ಹಾಗೇ ಆಗಿತ್ತು. ಅದನ್ನು ಮತ್ತೆ ಜೀವಂತಗೊಳಿಸಲು ಆಧಾರ್ ತಿದ್ದುಪಡಿಯಿಂದ ಹಿಡಿದು ಹಲವು ಕಡೆ ಓಡಾಡಬೇಕಾಯಿತು. ಬಿಡುಗಡೆಗೆ ಮೊದಲೇ, ಜೈಲಿನಲ್ಲಿದ್ದಾಗಲೇ ಈ ಕಾಗದಪತ್ರಗಳನ್ನು ಸರಿಪಡಿಸಿಕೊಡುವ ಏರ್ಪಾಡು ಪ್ರತಿಯೊಬ್ಬ ಕೈದಿಗೂ ದೊರೆಯಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಸತ್ತವರ ಮನೆ ನಮ್ಮ ಓಣಿಯಿಂದ ದೂರವಿಲ್ಲ. ಅಲ್ಲಿಗೆ ಹೋಗಿ ಕ್ಷಮೆ ಕೇಳಬೇಕೆಂಬುದು ತಮ್ಮನ ಆಸೆ. ಅವನ ಮನಸ್ಸು ಹಗುರಾಗಲೆಂದು ಆ ತಾಯಿಯ ಎದುರು ಹೇಳದೆ ಕೇಳದೆ ಹೋಗಿ ನಿಲ್ಲುವುದು ನನಗೆ ಸರಿಕಾಣಲಿಲ್ಲ. ಊರಿನ ಹಿರಿಯರೊಬ್ಬರ ಮೂಲಕ ಅವರ ಅಭಿಪ್ರಾಯ ಕೇಳಿಸಿದ್ದೇವೆ. ಅವರು ಒಲ್ಲೆವೆಂದರೆ ಅದನ್ನು ಒಪ್ಪಿಕೊಳ್ಳಲೇಬೇಕೆಂದು ತಮ್ಮನಿಗೆ ಮೊದಲೇ ಹೇಳಿದ್ದೇನೆ.